ಶಾಬಾಷ್ ಎನ್ನಲು ಇಂಗ್ಲಿಷಿನಲ್ಲಿ ಯಾವ ಪದ? ಮೆಚ್ಚುಗೆಯ ಮಾತುಗಳ ಒಂದು ಹೋಲಿಕೆ

ಕಲಬುರಗಿಯ ಕಡೆಯ ಮನೆಯಲ್ಲಿ ಮೊಮ್ಮಗ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದರೆ ಅಜ್ಜ ‘ಶಾಬಾಷ್’ ಎಂದು ಬೆನ್ನು ತಟ್ಟುತ್ತಾನೆ. ಅದೇ ಅಜ್ಜ ಮಠದಲ್ಲಿ ಪುರಾಣ ಹೇಳಿದ ಸ್ವಾಮಿಗಳ ಬೆನ್ನು ತಟ್ಟಲು ಹೋಗುವುದಿಲ್ಲ; ‘ಭಾಳ ಛಲೋ ಹೇಳಿದ್ರಿ ಅಪ್ಪಾರ’ ಎಂದು ಕೈಮುಗಿಯುತ್ತಾನೆ. ಗೆಳೆಯನು ಸಂತೆಯಿಂದ ಹೊಡೆದುಕೊಂಡು ಬಂದ ಎತ್ತಿನ ಜೋಡಿಯನ್ನು ಕಂಡಾಗ ಅವನ ಬಾಯಿಂದ ಹೊರಡುವ ಮಾತು ‘ಜಬರ್ದಸ್ತ್’. ಈ ಮೂರು ಮಾತುಗಳಲ್ಲಿ ಯಾವುದನ್ನು ಯಾರೆದುರು ಆಡಬೇಕು ಎಂಬುದನ್ನು ಅವನಿಗೆ ಯಾವ ಶಾಲೆಯೂ ಹೇಳಿಕೊಟ್ಟಿಲ್ಲ, ಆದರೂ ಅವನು ತಪ್ಪುವುದಿಲ್ಲ. ನಾವು ಓದಿದವರು ಇಂಗ್ಲಿಷಿಗೆ ಬಂದೊಡನೆ ಈ ವಿವೇಕವನ್ನು ಮನೆಯಲ್ಲಿಯೇ ಬಿಟ್ಟು ಬರುತ್ತೇವೆ. ‘ಗುಡ್’, ‘ನೈಸ್’, ‘ಸೂಪರ್’ ಎಂಬ ಮೂರು ಪದಗಳನ್ನು ಹಿಡಿದುಕೊಂಡು ಮಗುವಿನ ಚಿತ್ರಕ್ಕೂ ಮೇಲಧಿಕಾರಿಯ ಭಾಷಣಕ್ಕೂ ಬೀದರಿನ ಕೋಟೆಗೂ ಒಂದೇ ಮುದ್ರೆ ಒತ್ತುತ್ತೇವೆ.

ಇಂಗ್ಲಿಷಿನ ಮೆಚ್ಚುಗೆಯ ಪದಗಳನ್ನು ಆಯ್ದುಕೊಳ್ಳುವಾಗ ಹೆಚ್ಚಿನವರು ಮೊದಲು ಕೇಳಿಕೊಳ್ಳುವ ಪ್ರಶ್ನೆ ‘ಇದು ಎಷ್ಟು ದೊಡ್ಡ ಹೊಗಳಿಕೆ’ ಎಂಬುದು. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲನೆಯದು ‘ಯಾರು ಯಾರಿಗೆ ಹೇಳುತ್ತಿದ್ದಾರೆ’ ಎಂಬುದು. ನಿಘಂಟು ಪದದ ಅರ್ಥವನ್ನು ಕೊಡುತ್ತದೆಯೇ ಹೊರತು ಅದು ಮೇಲಿನಿಂದ ಕೆಳಗೆ ಇಳಿಯುವ ಮಾತೋ ಕೆಳಗಿನಿಂದ ಮೇಲೆ ಏರುವ ಮಾತೋ ಎಂಬುದನ್ನು ಅಪರೂಪಕ್ಕೆ ಹೇಳುತ್ತದೆ.

ಮೇಲಿನಿಂದ ಇಳಿಯುವ ಮಾತು, ಕೆಳಗಿನಿಂದ ಏರುವ ಮಾತು

‘ವೆಲ್ ಡನ್’, ‘ಗುಡ್ ಜಾಬ್’, ‘ಕೀಪ್ ಇಟ್ ಅಪ್’ ಈ ಮೂರೂ ನಮ್ಮ ‘ಶಾಬಾಷ್’ ಕುಲಕ್ಕೆ ಸೇರಿದವು. ಶಾಬಾಷ್ ಎಂಬುದು ಪಾರಸಿಯ ‘ಶಾದ್ ಬಾಷ್’, ಎಂದರೆ ‘ಸಂತೋಷದಿಂದಿರು’ ಎಂಬ ಮಾತಿನಿಂದ ಬಂದದ್ದು. ಮೂಲದಲ್ಲಿಯೇ ಅದು ಆಶೀರ್ವಾದದ ಧಾಟಿಯ ಮಾತಾದ್ದರಿಂದ ಕಿರಿಯರು ಹಿರಿಯರಿಗೆ ಅದನ್ನು ಆಡಿದರೆ ಕಿವಿಗೆ ಚುಚ್ಚುತ್ತದೆ. ಇಂಗ್ಲಿಷಿನ ಈ ಮೂರು ಮಾತುಗಳೂ ಹಾಗೆಯೇ ಕೆಲಸವನ್ನು ಅಳೆದು ತೀರ್ಪು ಕೊಡುವ ಸ್ಥಾನದಲ್ಲಿರುವವರ ಮಾತುಗಳು. ನನ್ನ ವಿದ್ಯಾರ್ಥಿಯೊಬ್ಬ ಸಮಾರಂಭದಲ್ಲಿ ಪ್ರಾಚಾರ್ಯರ ಭಾಷಣ ಮುಗಿದ ಮೇಲೆ ಹತ್ತಿರ ಹೋಗಿ, ಬಹಳ ಭಕ್ತಿಯಿಂದ, ‘ಗುಡ್ ಜಾಬ್ ಸರ್, ಕೀಪ್ ಇಟ್ ಅಪ್’ ಎಂದಿದ್ದ. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಪ್ರಾಚಾರ್ಯರ ಮುಖ ಮಾತ್ರ ನೋಡುವಂತಿತ್ತು.

ಈ ಮೂರರೊಳಗೂ ವ್ಯತ್ಯಾಸವಿದೆ. ‘ವೆಲ್ ಡನ್’ ಮುಗಿದ ಕೆಲಸಕ್ಕೆ ಸಲ್ಲುವ ಮಾತು; ಓಟ ಮುಗಿದ ಮೇಲೆ, ಫಲಿತಾಂಶ ಬಂದ ಮೇಲೆ ಅದು ಒಪ್ಪುತ್ತದೆ, ಮತ್ತು ಸಮವಯಸ್ಕರ ನಡುವೆಯೂ ಅಷ್ಟಾಗಿ ಚುಚ್ಚುವುದಿಲ್ಲ. ‘ಗುಡ್ ಜಾಬ್’ ಅಮೆರಿಕದ ಬಳಕೆಯಿಂದ ಹರಡಿದ್ದು, ಮಕ್ಕಳಿಗೂ ಕೈಕೆಳಗಿನವರಿಗೂ ಹೆಚ್ಚು ಹೊಂದುತ್ತದೆ. ‘ಕೀಪ್ ಇಟ್ ಅಪ್’ ನಮ್ಮ ಶಾಲೆಗಳ ನೋಟುಪುಸ್ತಕಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ಬೆಳೆದ ಮಾತು. ‘ಇನ್ನೂ ಮುಂದುವರಿಸು’ ಎಂಬ ಅಪ್ಪಣೆ ಅದರೊಳಗೆ ಅಡಗಿರುವುದರಿಂದ ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೆ.

ಹಾಗಾದರೆ ಹಿರಿಯರಿಗೆ ಏನು ಹೇಳಬೇಕು? ಇಲ್ಲಿ ಇಂಗ್ಲಿಷ್ ಒಂದು ಜಾಣತನದ ದಾರಿಯನ್ನು ಇಟ್ಟುಕೊಂಡಿದೆ: ಅವರ ಕೆಲಸವನ್ನು ಅಳೆಯದೆ, ಅದರಿಂದ ನಮಗೆ ಆದದ್ದನ್ನು ಹೇಳುವುದು. ‘ಐ ಲರ್ನ್ಡ್ ಎ ಲಾಟ್ ಫ್ರಮ್ ಯುವರ್ ಟಾಕ್’, ‘ಐ ರಿಯಲಿ ಎಂಜಾಯ್ಡ್ ಇಟ್’, ‘ಇಟ್ ವಾಸ್ ವೆರಿ ಹೆಲ್ಪ್‌ಫುಲ್’ ಎಂಬ ವಾಕ್ಯಗಳಲ್ಲಿ ತೀರ್ಪು ಇಲ್ಲ, ಕೃತಜ್ಞತೆ ಇದೆ. ಅಜ್ಜ ಸ್ವಾಮಿಗಳಿಗೆ ಕೈಮುಗಿದಾಗ ಆ ಮಾತಿನಲ್ಲಿ ಬಂದ ನಯವೂ ಇದೇ. ‘ಐ ಅಡ್ಮೈರ್’ ಎಂಬುದೂ ಕೆಳಗಿನಿಂದ ಮೇಲಕ್ಕೆ ಸಲೀಸಾಗಿ ಏರುತ್ತದೆ. ಲ್ಯಾಟಿನ್ನಿನಲ್ಲಿ ಅದರ ಬೇರು ‘ಬೆರಗಾಗು’ ಎಂಬ ಅರ್ಥದ್ದು, ಬೆರಗಾಗುವವನು ತೀರ್ಪು ಕೊಡುವುದಿಲ್ಲವಷ್ಟೆ.

ಸಮಾನರ ನಡುವೆ ಆಯ್ಕೆ ಹೆಚ್ಚು ಸಡಿಲ. ‘ಗ್ರೇಟ್ ವರ್ಕ್’, ‘ನೈಸ್ ಒನ್’, ‘ಹ್ಯಾಟ್ಸ್ ಆಫ್’ ಯಾವುದಾದರೂ ನಡೆಯುತ್ತದೆ. ‘ಬ್ರಾವೋ’ ಇಟಲಿಯಿಂದ ಬಂದದ್ದು. ಅಲ್ಲಿ ಹೆಣ್ಣಿಗೆ ‘ಬ್ರಾವಾ’, ಹಲವರಿಗೆ ‘ಬ್ರಾವಿ’ ಎಂದು ರೂಪ ಬದಲಾಗುತ್ತದೆಯಾದರೂ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದೇ ರೂಪ ಸಾಕು, ಮತ್ತು ಅದು ಸಂಗೀತ ನಾಟಕಗಳ ಸಭೆಯಲ್ಲಿ ಹೊಂದುವಷ್ಟು ಕಚೇರಿಯಲ್ಲಿ ಹೊಂದುವುದಿಲ್ಲ. ‘ಕುಡೋಸ್’ ಗ್ರೀಕಿನ ಪದ; ಕೊನೆಯ ‘ಸ್’ ಬಹುವಚನದ್ದಲ್ಲ, ಆದ್ದರಿಂದ ‘ಎ ಕುಡೋ’ ಎಂದು ಒಂದನ್ನು ಮುರಿದು ಕೊಡಲು ಬರುವುದಿಲ್ಲ. ‘ಕಂಗ್ರಾಚುಲೇಷನ್ಸ್’ ಹೊಗಳಿಕೆಯೇ ಅಲ್ಲ, ಅಭಿನಂದನೆ. ನೌಕರಿ ಸಿಕ್ಕಿದ್ದಕ್ಕೆ, ಮಗು ಹುಟ್ಟಿದ್ದಕ್ಕೆ, ಮನೆ ಕಟ್ಟಿದ್ದಕ್ಕೆ ಅದು ಸರಿ. ಒಳ್ಳೆಯ ಹಾಡಿಗೆ ಅದನ್ನು ಹೇಳಿದರೆ ಹಾಡುವವರು ‘ಬಹುಮಾನ ಏನಾದರೂ ಬಂತೇ’ ಎಂದು ಸುತ್ತ ನೋಡಬೇಕಾಗುತ್ತದೆ.

ಮಂಜೂರು ಮತ್ತು ಮೆಚ್ಚುಗೆ

ನಮ್ಮ ಭಾಗದಲ್ಲಿ ಕಚೇರಿಯ ಮಾತು ಬಹುಕಾಲ ಉರ್ದುವಿನಲ್ಲಿ ನಡೆದದ್ದರಿಂದ ‘ಮಂಜೂರು’ ಎಂಬ ಪದ ಹಳ್ಳಿಯ ಕೊನೆಯ ಮನೆಯವರಿಗೂ ಗೊತ್ತು. ಇಂಗ್ಲಿಷಿನ ‘ಅಪ್ರೂವ್’ ಎಂಬ ಕ್ರಿಯಾಪದವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಕೈದೀಪ ಬೇಕಿಲ್ಲ. ‘ದಿ ಆಫೀಸರ್ ಅಪ್ರೂವ್ಡ್ ದಿ ಪ್ಲಾನ್’ ಎಂದರೆ ಅಧಿಕಾರಿ ಯೋಜನೆಯನ್ನು ಮಂಜೂರು ಮಾಡಿದರು. ಅದು ಅವರಿಗೆ ಮನಸ್ಸಿನಿಂದ ಹಿಡಿಸಿತೋ ಇಲ್ಲವೋ ಆ ವಾಕ್ಯ ಹೇಳುವುದಿಲ್ಲ. ‘ದಿ ಆಫೀಸರ್ ಅಪ್ರೂವ್ಡ್ ಆಫ್ ದಿ ಪ್ಲಾನ್’ ಎಂದರೆ ಅವರಿಗೆ ಅದು ಒಪ್ಪಿಗೆಯಾಯಿತು. ಮಂಜೂರಿನ ಸಹಿ ಬಿತ್ತೋ ಇಲ್ಲವೋ ತಿಳಿಯದು. ನಡುವೆ ಸೇರಿದ ಆ ಸಣ್ಣ ‘ಆಫ್’ ಕಡತವನ್ನು ಮನಸ್ಸಿನಿಂದ ಬೇರೆ ಮಾಡುತ್ತದೆ. ತಂದೆಯೊಬ್ಬ ಮಗಳ ಮದುವೆಯ ಆಯ್ಕೆಯನ್ನು ‘ಅಪ್ರೂವ್ಡ್’ ಎಂದು ಬರೆದರೆ ಅದರಲ್ಲಿ ಠಸ್ಸೆಯ ಸದ್ದು ಕೇಳಿಸುತ್ತದೆ. ‘ಅಪ್ರೂವ್ಡ್ ಆಫ್’ ಎಂದರೆ ಸಂತೋಷ ಕೇಳಿಸುತ್ತದೆ.

ಇನ್ನು ಹೊಗಳುವ ಕ್ರಿಯಾಪದಗಳ ದೊಡ್ಡ ಕುಟುಂಬ. ‘ಪ್ರೇಸ್’, ‘ಪ್ರೈಸ್’, ‘ಪ್ರೈಜ್’, ‘ಅಪ್ರಿಷಿಯೇಟ್’, ‘ಅಪ್ರೇಸ್’ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಬೆಲೆ ಎಂಬ ಅರ್ಥದ ಲ್ಯಾಟಿನ್ ಪದ ‘ಪ್ರೆಟಿಯಂ’ ಅವುಗಳ ಬೇರು. ಹೊಗಳುವುದೆಂದರೆ ಮೂಲದಲ್ಲಿ ಬೆಲೆ ಕಟ್ಟುವುದು. ಇದು ನಮಗೆ ಹೊಸತಲ್ಲ. ನಮ್ಮ ಕಡೆ ‘ಕಿಮ್ಮತ್ತು’ ಎಂದರೆ ತೊಗರಿಯ ದರವೂ ಹೌದು, ಮನುಷ್ಯನಿಗೆ ಸಲ್ಲುವ ಮಾನವೂ ಹೌದು; ‘ಅವರಿಗೆ ಊರಾಗ ಕಿಮ್ಮತ್ತದ’ ಎಂಬ ಮಾತನ್ನು ಕೇಳಿದವರಿಗೆ ‘ಪ್ರೇಸ್’ ಎಂಬುದರ ಒಳಗಿರುವ ಬೆಲೆ ತಾನಾಗಿ ಕಾಣುತ್ತದೆ.

ಇವುಗಳಲ್ಲಿ ‘ಅಪ್ರಿಷಿಯೇಟ್’ ನಮ್ಮಲ್ಲಿ ಅತಿಯಾಗಿ ದುಡಿಯುತ್ತಿರುವ ಪದ. ‘ಎಲ್ಲರೂ ನನ್ನನ್ನು ಅಪ್ರಿಷಿಯೇಟ್ ಮಾಡಿದರು’ ಎನ್ನುವಾಗ ನಾವು ಹೇಳುತ್ತಿರುವುದು ‘ಹೊಗಳಿದರು’ ಎಂದು. ಇಂಗ್ಲಿಷಿನಲ್ಲಿ ಅದರ ಮುಖ್ಯ ಅರ್ಥ ಬೆಲೆಯನ್ನು ಅರಿಯುವುದು, ಮತ್ತು ಅರಿತದ್ದನ್ನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ‘ಐ ಅಪ್ರಿಷಿಯೇಟ್ ಇಟ್’ ಎಂದರೆ ಧನ್ಯವಾದ. ‘ಐ ಅಪ್ರಿಷಿಯೇಟ್ ಯುವರ್ ಡಿಫಿಕಲ್ಟಿ’ ಎಂದರೆ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂದೇ ಹೊರತು ಕಷ್ಟವನ್ನು ಮೆಚ್ಚಿದೆನೆಂದಲ್ಲ. ಸಾಮಾನ್ಯವಾಗಿ ಆ ವಾಕ್ಯದ ಬೆನ್ನಿಗೆ ‘ಬಟ್’ ಒಂದು ಕಾದಿರುತ್ತದೆ. ಜಮೀನಿನ ಬೆಲೆ ಏರುವುದಕ್ಕೂ ಇದೇ ಪದ. ಆದ್ದರಿಂದ ಬಾಯಿಬಿಟ್ಟು ಹೊಗಳಿದ್ದನ್ನು ಹೇಳಬೇಕಾದಾಗ ‘ಪ್ರೇಸ್ಡ್’ ಎಂಬ ಸರಳ ಪದವೇ ಲೇಸು.

‘ಕಮೆಂಡ್’ ಎಂಬುದು ಸಂಸ್ಥೆಯ ಬಾಯಿಂದ ಬರುವ ಹೊಗಳಿಕೆ. ಸೈನ್ಯ, ಪೊಲೀಸ್ ಇಲಾಖೆ, ನ್ಯಾಯಾಲಯಗಳಲ್ಲಿ ಅದು ಸಹಜ, ಅಡುಗೆಮನೆಯಲ್ಲಿ ಅಸಹಜ. ‘ಲಾಡ್’ ಪತ್ರಿಕೆಯ ಶೀರ್ಷಿಕೆಗಳಲ್ಲಿ ಬದುಕುವ ಪದ, ಏಕೆಂದರೆ ಅದು ಚಿಕ್ಕದು, ಜಾಗ ಉಳಿಸುತ್ತದೆ. ಮಾತಿನಲ್ಲಿ ಅದನ್ನು ಬಳಸುವವರು ವಿರಳ. ಅದರಿಂದ ಹುಟ್ಟಿದ ‘ಲಾಡಬಲ್’ ಬಂದಾಗ ಸ್ವಲ್ಪ ಜಾಗರೂಕರಾಗಿರಬೇಕು: ‘ಲಾಡಬಲ್ ಏಮ್’ ಎಂದು ಶುರುವಾದ ವಾಕ್ಯ ಬಹಳ ಸಲ ‘ಉದ್ದೇಶವೇನೋ ಒಳ್ಳೆಯದು, ಆದರೆ’ ಎಂದು ತಿರುಗಿಬಿಡುತ್ತದೆ. ‘ಕಾಂಪ್ಲಿಮೆಂಟ್’ ಒಬ್ಬರಿಗೆ ಮುಖಾಮುಖಿ ಕೊಡುವ ಚಿಕ್ಕ ಮೆಚ್ಚುಗೆ, ಸೀರೆಗೆ, ಅಡುಗೆಗೆ, ಕೈಬರಹಕ್ಕೆ ಸಲ್ಲುವುದು. ಒಂದಕ್ಕೊಂದು ಪೂರಕ ಎಂಬ ಅರ್ಥದ ಪದವೂ ಉಚ್ಚಾರದಲ್ಲಿ ಬಹುಮಟ್ಟಿಗೆ ಇದರಂತೆಯೇ ಇದ್ದು, ಬರೆಯುವಾಗ ನಡುವೆ ‘ಐ’ ಅಕ್ಷರವೋ ‘ಇ’ ಅಕ್ಷರವೋ ಎಂಬಲ್ಲಿ ಬೇರೆಯಾಗುತ್ತದೆ. ಮೆಚ್ಚುಗೆಗೆ ಬೇಕಾದದ್ದು ‘ಐ’. ‘ಫ್ಲಾಟರ್’ ಎಂದರೆ ಮುಖಸ್ತುತಿ. ಅದನ್ನು ಇನ್ನೊಬ್ಬರ ಮೇಲೆ ಹೊರಿಸಿದರೆ ಬೈಗುಳ. ‘ಐ ಯಾಮ್ ಫ್ಲಾಟರ್ಡ್’ ಎಂದು ತನ್ನ ಬಗ್ಗೆ ಹೇಳಿಕೊಂಡರೆ ವಿನಯ.

ಎಷ್ಟು ದೊಡ್ಡದು?

ಈಗ ಎರಡನೆಯ ಪ್ರಶ್ನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಹತ್ತು ಅಂಕಗಳ ಶ್ರೇಣಿಯಲ್ಲಿ 10ಕ್ಕೆ ‘ಔಟ್‌ಸ್ಟ್ಯಾಂಡಿಂಗ್’, 9ಕ್ಕೆ ‘ಎಕ್ಸಲೆಂಟ್’, 8ಕ್ಕೆ ‘ವೆರಿ ಗುಡ್’, 7ಕ್ಕೆ ‘ಗುಡ್’ ಎಂದು ಹೆಸರಿದೆ. 6 ಬಂದರೆ ‘ಅಬೌ ಆವರೇಜ್’. ಅಂಕಪಟ್ಟಿಯನ್ನು ಹಿಡಿದ ವಿದ್ಯಾರ್ಥಿಗೆ ಈ ಏಣಿ ಚೆನ್ನಾಗಿ ಗೊತ್ತು, ಮತ್ತು ‘ಗುಡ್’ ಎಂಬುದು ಮೇಲಿನಿಂದ ನಾಲ್ಕನೆಯ ಮೆಟ್ಟಿಲು ಎಂಬುದೂ ಗೊತ್ತು. ಒಂದೇ ಪದ ಮಾತಿನಲ್ಲಿ ಮೆಚ್ಚುಗೆಯಾಗಿ, ಪಟ್ಟಿಯಲ್ಲಿ ಸಾಧಾರಣವಾಗಿ ನಿಲ್ಲುವುದು ಹೀಗೆ. ‘ಸ್ಯಾಟಿಸ್‌ಫ್ಯಾಕ್ಟರಿ’ಯ ಕಥೆ ಇನ್ನೂ ಸ್ವಾರಸ್ಯಕರ. ನಿಘಂಟಿನ ಪ್ರಕಾರ ಅದು ತೃಪ್ತಿಕರ. ಆದರೆ ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್ 2012ರಲ್ಲಿ ಆ ದರ್ಜೆಯ ಹೆಸರನ್ನು ತೆಗೆದು ‘ಸುಧಾರಣೆ ಬೇಕಾಗಿದೆ’ ಎಂಬ ಅರ್ಥದ ಹೆಸರನ್ನು ಇಟ್ಟಿತು. ಇಂಗ್ಲಿಷಿನ ಸ್ವಂತ ನೆಲದಲ್ಲಿಯೇ ಆ ಪದದ ಕಿಮ್ಮತ್ತು ಅಷ್ಟು ಇಳಿದಿತ್ತು.

‘ಔಟ್‌ಸ್ಟ್ಯಾಂಡಿಂಗ್’ ಏಣಿಯ ತುದಿಯಲ್ಲಿದ್ದರೂ ಬ್ಯಾಂಕಿನ ಬಾಗಿಲು ದಾಟಿದೊಡನೆ ಅದರ ಅರ್ಥ ‘ಬಾಕಿ’. ಬೆಳೆಸಾಲದ ಪತ್ರದಲ್ಲಿ ಆ ಪದವನ್ನು ಕಂಡು ಹಿಗ್ಗುವ ರೈತನನ್ನು ನಾನಂತೂ ಕಂಡಿಲ್ಲ.

‘ಕ್ವೈಟ್ ಗುಡ್’ ಎಂಬುದನ್ನು ಬ್ರಿಟಿಷರು ಸಾಮಾನ್ಯವಾಗಿ ‘ಪರವಾಗಿಲ್ಲ, ಚೆನ್ನಾಗಿಯೇ ಇದೆ’ ಎಂಬ ಅಳತೆಯಲ್ಲಿಯೂ ಅಮೆರಿಕದವರು ‘ಬಹಳ ಚೆನ್ನಾಗಿದೆ’ ಎಂಬ ಅಳತೆಯಲ್ಲಿಯೂ ಬಳಸುತ್ತಾರೆ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಎರಡೂ ದೇಶಗಳ ಗಿರಾಕಿಗಳೊಡನೆ ಪತ್ರವ್ಯವಹಾರ ಮಾಡುವ ನಮ್ಮ ಹುಡುಗರು ಈ ಪದವನ್ನು ಬಿಟ್ಟುಬಿಡುವುದೇ ಕ್ಷೇಮ. ‘ನಾಟ್ ಬ್ಯಾಡ್’ ಅದಕ್ಕಿಂತ ಸುಲಭ. ‘ಅಡ್ಡಿಯಿಲ್ಲ’ ಎಂದು ಗಂಭೀರವಾಗಿ ತಲೆದೂಗುವ ಹಿರಿಯರು ನಮ್ಮಲ್ಲಿಯೂ ಇದ್ದಾರಲ್ಲ, ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ‘ಫೈನ್’ ನಾಮಪದದ ಮುಂದೆ ಬಂದು ‘ಎ ಫೈನ್ ಪೀಸ್ ಆಫ್ ವರ್ಕ್’ ಎಂದಾದರೆ ಉತ್ತಮ ದರ್ಜೆ. ‘ಇಟ್ಸ್ ಫೈನ್’ ಎಂದು ಒಂಟಿಯಾಗಿ ನಿಂತರೆ ‘ಆಗಲಿ ಬಿಡು’ ಎಂಬಷ್ಟೇ. ವ್ಯಾಕರಣದ ಒಂದು ಸಣ್ಣ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ‘ಎಕ್ಸಲೆಂಟ್’, ‘ಡೆಲಿಷಿಯಸ್’, ‘ಬ್ರಿಲಿಯಂಟ್’ ಮುಂತಾದ ಪದಗಳಲ್ಲಿ ‘ಬಹಳ’ ಎಂಬುದು ಆಗಲೇ ಅಡಕವಾಗಿರುವುದರಿಂದ ಅವುಗಳ ಹಿಂದೆ ‘ವೆರಿ’ ಹಚ್ಚುವುದು ಚೆಂದವಲ್ಲ, ಒತ್ತು ಬೇಕೆಂದರೆ ‘ಅಬ್ಸಲ್ಯೂಟ್ಲಿ’ ಇದೆ.

ಹೊಗಳಿಕೆಯ ತುದಿಗೆ ಹೋದಂತೆ ಇಂಗ್ಲಿಷ್ ಭಯದ ಮನೆಯಿಂದ ಪದಗಳನ್ನು ಎರವಲು ತರುತ್ತದೆ. ‘ಟೆರಿಫಿಕ್’ ಮತ್ತು ‘ಟೆರಿಬಲ್’ ಹೆದರಿಸು ಎಂಬ ಒಂದೇ ಧಾತುವಿನ ಮಕ್ಕಳು. ಒಂದು ಹೊಗಳಿಕೆಯಾಗಿ ಏರಿತು, ಇನ್ನೊಂದು ಕೆಟ್ಟದ್ದಾಗಿಯೇ ಉಳಿಯಿತು. ‘ಆಸಮ್’ ಮತ್ತು ‘ಆಫುಲ್’ ಎರಡೂ ಭಯಭಕ್ತಿಯ ಅರ್ಥದ ಒಂದೇ ಪದದಿಂದ ಹುಟ್ಟಿ ಹಾಗೆಯೇ ದಾರಿ ಬೇರೆ ಮಾಡಿಕೊಂಡವು. ಇದು ವಿಚಿತ್ರವೆನಿಸಿದರೆ ‘ಭಯಂಕರ ಛಲೋ ಆಗ್ಯಾದ’ ಎನ್ನುವ ನಮ್ಮ ಬಾಯನ್ನೂ, ಒಳ್ಳೆಯ ಹೊಡೆತ ಕಂಡಾಗ ‘ಖತರ್ನಾಕ್’ ಎಂದು ಕೂಗುವ ಕ್ರಿಕೆಟ್ ಮೈದಾನದ ಹುಡುಗರನ್ನೂ ನೆನೆಯಬಹುದು. ಬಳಕೆಯಲ್ಲಿ ‘ಟೆರಿಫಿಕ್’ ಈಗ ತುಸು ಹಳೆಯ ಕಾಲದ್ದೆನಿಸುತ್ತದೆ, ‘ಆಸಮ್’ ಹರೆಯದವರದ್ದು. ಎರಡನ್ನೂ ಅರ್ಜಿ ಮತ್ತು ವರದಿಗಳಿಂದ ದೂರವಿಡಬೇಕು.

ಶಾಣ್ಯಾ ಹುಡುಗ, ಹುಷಾರ್ ಹುಡುಗ

ಮನುಷ್ಯನನ್ನು ಹೊಗಳುವ ಪದಗಳಲ್ಲಿ ನಾವು ಹೆಚ್ಚು ಎಡವುತ್ತೇವೆ. ‘ಕ್ಲೆವರ್’ ಎಂಬುದಕ್ಕೆ ನಮ್ಮ ‘ಶಾಣ್ಯಾ’ ಎಂಬುದೇ ತದ್ರೂಪು: ‘ಹುಡುಗ ಶಾಣ್ಯಾ ಅದಾನ’ ಎಂದರೆ ಮೆಚ್ಚುಗೆ, ‘ಭಾಳ ಶಾಣ್ಯಾ ಆಗಬ್ಯಾಡ’ ಎಂದರೆ ಎಚ್ಚರಿಕೆ. ಬ್ರಿಟಿಷರ ಬಾಯಲ್ಲಿ ‘ಕ್ಲೆವರ್’ ಕೂಡ ಕೆಲವೊಮ್ಮೆ ಕುಟಿಲತೆಯ ಕಡೆಗೆ ವಾಲುತ್ತದೆ, ಆದ್ದರಿಂದ ಶಿಫಾರಸು ಪತ್ರಕ್ಕೆ ಅದು ಸಲ್ಲದು. ‘ಸ್ಮಾರ್ಟ್’ ಅಮೆರಿಕದಲ್ಲಿ ಬುದ್ಧಿವಂತಿಕೆ, ಬ್ರಿಟನ್ನಿನಲ್ಲಿ ಮುಖ್ಯವಾಗಿ ಅಚ್ಚುಕಟ್ಟಾದ ಉಡುಪು, ನಮ್ಮ ಕಾಲೇಜಿನ ಆವರಣದಲ್ಲಿ ರೂಪ. ‘ಬ್ರೈಟ್’ ಚಿಕ್ಕವರಿಗೆ ಒಪ್ಪುತ್ತದೆ; ಅರುವತ್ತು ದಾಟಿದವರನ್ನು ‘ಬ್ರೈಟ್’ ಎಂದರೆ ಅವರಿಗೆ ಹಿಡಿಸಲಾರದು. ‘ಇಂಟೆಲಿಜೆಂಟ್’ ಎಲ್ಲೆಡೆಯೂ ಒಂದೇ ಅರ್ಥ ಕೊಡುವ, ಸ್ವಲ್ಪ ಒಣಗಿದ, ನಂಬಿಕೆಗೆ ಅರ್ಹವಾದ ಪದ. ಕಲಬುರಗಿಯ ‘ಹುಷಾರ್’ ಬೆಂಗಳೂರಿಗೆ ಹೋದರೆ ಆರೋಗ್ಯದ ಸುದ್ದಿಯಾಗುವಂತೆ, ಇಂಗ್ಲಿಷಿನ ಈ ಪದಗಳೂ ಸಮುದ್ರ ದಾಟಿದರೆ ವೇಷ ಬದಲಿಸುತ್ತವೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಆಯ್ಕೆಯಿದೆ, ವ್ಯಕ್ತಿಯನ್ನು ಹೊಗಳಬೇಕೋ ಪ್ರಯತ್ನವನ್ನೋ ಎಂಬುದು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ, ಶ್ರಮಕ್ಕಾಗಿ ಹೊಗಳಿಸಿಕೊಂಡ ಮಕ್ಕಳಿಗಿಂತ ಬೇಗ ಎದೆಗುಂದಿದ್ದು ಕಂಡುಬಂತು. ಇಂಗ್ಲಿಷಿನಲ್ಲಿ ‘ಯು ಆರ್ ಬ್ರಿಲಿಯಂಟ್’ ಎನ್ನುವುದಕ್ಕೂ ‘ಯು ವರ್ಕ್ಡ್ ಹಾರ್ಡ್ ಆನ್ ದಿಸ್’ ಎನ್ನುವುದಕ್ಕೂ ಇರುವ ಅಂತರ ಇದೇ. ‘ಛಲೋ ಮಾಡೀದಿ’ ಎನ್ನುವ ನಮ್ಮ ತಾಯಂದಿರು ಎರಡನೆಯದನ್ನೇ ಹೇಳುತ್ತಾ ಬಂದಿದ್ದಾರೆ.

ಬೀದರನ್ನು ತೋರಿಸುವಾಗ

ಬೀದರಿಗೆ ಬಂದ ಅತಿಥಿಯ ಜೊತೆ ಒಂದು ದಿನ ತಿರುಗಿದರೆ ಸಾಕು, ‘ನೈಸ್’ ಎಂಬ ಪದದ ಬಡತನ ಅರಿವಾಗುತ್ತದೆ. ಲ್ಯಾಟಿನ್ನಿನಲ್ಲಿ ‘ಅರಿಯದವನು’ ಎಂಬ ಅರ್ಥದಿಂದ ಹೊರಟು, ಇಂಗ್ಲಿಷಿನಲ್ಲಿ ಮೊದಲು ‘ಮೂಢ’ ಎಂದಾಗಿ, ಬಹಳ ಸುತ್ತಿ ಸವೆದು ಇಂದಿನ ‘ಚೆನ್ನಾಗಿದೆ’ಗೆ ಬಂದು ಮುಟ್ಟಿದ ಪದ ಅದು. 1472ರಲ್ಲಿ ಪೂರ್ಣವಾದ ಮಹಮೂದ್ ಗವಾನನ ಮದರಸಾದ ಎದುರು ನಿಂತಾಗ ಬೇಕಾದದ್ದು ‘ಮ್ಯಾಗ್ನಿಫಿಸೆಂಟ್’ ಅಥವಾ ‘ಇಂಪೋಸಿಂಗ್’, ಎಂದರೆ ಗಾತ್ರ ಗಾಂಭೀರ್ಯಗಳೆರಡನ್ನೂ ಹಿಡಿಯುವ ಪದ. ಅದೇ ಗೋಡೆಯಲ್ಲಿ ಅಳಿದುಳಿದ ಬಣ್ಣದ ಹೆಂಚುಗಳಿಗೆ ಆ ದೊಡ್ಡ ಪದ ಭಾರವಾಗುತ್ತದೆ, ಅಲ್ಲಿಗೆ ‘ಎಕ್ಸ್‌ಕ್ವಿಸಿಟ್’. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಕೊರೆದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಬಿದರಿ ಹೂಜಿಗೂ ಅದೇ ಸರಿ, ಕುಸುರಿಯನ್ನೇ ಎತ್ತಿ ಹೇಳಬೇಕಾದರೆ ‘ಇಂಟ್ರಿಕೇಟ್’. ನೆಲದೊಳಗೆ ಕಾಲುವೆ ಕೊರೆದು ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟು ನೀರು ಹರಿಸಿದ ಕಾರೇಜ್ ವ್ಯವಸ್ಥೆಯನ್ನು ಸುಂದರ ಎನ್ನುವುದು ಗುರಿ ತಪ್ಪಿದ ಹೊಗಳಿಕೆ. ಅದರಲ್ಲಿ ಮೆಚ್ಚಬೇಕಾದದ್ದು ಉಪಾಯ, ಅದಕ್ಕೆ ‘ಇಂಜೀನಿಯಸ್’ ಎಂಬ ಪದವಿದೆ. ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿಯಂತೆ ಬಯಲು ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದ ಕಟ್ಟಡಕ್ಕೆ ‘ರಿಮಾರ್ಕಬಲ್’ ಸೊಗಸಾಗಿ ಹೊಂದುತ್ತದೆ, ಏಕೆಂದರೆ ಅದು ‘ಇತರವುಗಳಂತಲ್ಲ, ಗಮನಿಸಿ’ ಎನ್ನುತ್ತದೆ. ಸಂಜೆ ಮನೆಗೆ ಕರೆತಂದು ಜೋಳದ ರೊಟ್ಟಿ ಎಣ್ಣೆಗಾಯಿ ಬಡಿಸಿದಾಗ ಅತಿಥಿ ‘ಡೆಲಿಷಿಯಸ್’ ಎಂದರೆ ಔಪಚಾರಿಕ, ‘ಟೇಸ್ಟಿ’ ಎಂದರೆ ಸಲಿಗೆ. ಇನ್ನೊಂದು ರೊಟ್ಟಿ ಕೇಳಿದರೆ ಪದವೇ ಬೇಡ.

ಕೊನೆಯದಾಗಿ, ನಾನು ಮಾಡಿದ ಒಂದು ತಪ್ಪು. ವಿದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದ ಯಾದಗಿರಿ ಜಿಲ್ಲೆಯ ವಿದ್ಯಾರ್ಥಿನಿಗೆ ನಾನು ಬರೆದ ಶಿಫಾರಸಿನಲ್ಲಿ ‘ಸಿನ್ಸಿಯರ್’, ‘ಹೋಮ್ಲಿ’, ‘ಕಂಡಕ್ಟ್ ಸ್ಯಾಟಿಸ್‌ಫ್ಯಾಕ್ಟರಿ’ ಎಂಬ ಮೂರು ಪದಗಳಿದ್ದವು. ಹೊರದೇಶದಲ್ಲಿ ಪಾಠ ಮಾಡುವ ಗೆಳೆಯನಿಗೆ ಕರಡನ್ನು ತೋರಿಸಿದಾಗ ಅವನು ಫೋನ್ ಮಾಡಿ, ‘ಆ ಹುಡುಗಿಯ ಮೇಲೆ ನಿನಗೇನು ಸಿಟ್ಟು?’ ಎಂದು ಕೇಳಿದ. ನಮ್ಮಲ್ಲಿ ‘ಸಿನ್ಸಿಯರ್’ ಎಂದರೆ ಶ್ರದ್ಧೆಯಿಂದ ಓದುವವಳು, ಅಲ್ಲಿ ಅದು ಭಾವನೆಯ ಪ್ರಾಮಾಣಿಕತೆ ಮಾತ್ರ. ನಮ್ಮಲ್ಲಿ ‘ಹೋಮ್ಲಿ’ ಎಂದರೆ ಮನೆತನದ ಸಂಸ್ಕಾರವುಳ್ಳವಳು, ಅಮೆರಿಕದಲ್ಲಿ ಅದು ರೂಪವಿಲ್ಲದವಳು ಎಂಬ ಮಾತು. ಮೂರನೆಯದರ ಗತಿಯನ್ನು ಮೇಲೆಯೇ ಹೇಳಿದ್ದೇನೆ. ‘ಸಿನ್ಸಿಯರ್’ ತೆಗೆದು ‘ಡಿಲಿಜೆಂಟ್’ ಮತ್ತು ‘ಕಾನ್ಷಿಯೆನ್ಷಸ್’ ಎಂದು ಬರೆದೆ, ‘ಹೋಮ್ಲಿ’ಯನ್ನು ಬದಲಿಯಿಲ್ಲದೆ ಹೊಡೆದುಹಾಕಿದೆ, ‘ಸ್ಯಾಟಿಸ್‌ಫ್ಯಾಕ್ಟರಿ’ ಇದ್ದ ಜಾಗದಲ್ಲಿ ಅವಳು ಎರಡು ವರ್ಷ ದಿನವೂ ಬೆಳಗಿನ ಬಸ್ಸು ಹಿಡಿದು ಬಂದು ಒಂದೇ ಒಂದು ತರಗತಿಯನ್ನೂ ತಪ್ಪಿಸಲಿಲ್ಲ ಎಂಬುದನ್ನು ಬರೆದೆ.